ಡಿಸ್ಕ್ ನಮ್ಮ ಕೈಯಲ್ಲಿದ್ದರೂ ರೇಸಿಂಗ್ ಗೇಮ್ ನಮ್ಮದಲ್ಲ! ನೀವೇನಂತೀರಿ?

ಹಳೇ ಜಾಯ್‌ಸ್ಟಿಕ್:
ಎಲ್ಲರಿಗೂ ನಮಸ್ಕಾರ. ನನಗೀಗ 45 ವರ್ಷ, ಊರು ಶಿವಮೊಗ್ಗ. ಐದನೇ ಕ್ಲಾಸಿನಲ್ಲಿ ಸೋದರಮಾವ ತಂದುಕೊಟ್ಟ ಟಿವಿ ಗೇಮ್‌ನಲ್ಲಿ ರೋಡ್ ಫೈಟರ್ ಆಡಿದ್ದು ಶುರು. ಆಮೇಲೆ ಕಂಪ್ಯೂಟರ್ ಸೆಂಟರ್‌ನಲ್ಲಿ ರೋಡ್ ರ‍್ಯಾಶ್, ಕಾಲೇಜಿನಲ್ಲಿ ನೀಡ್ ಫಾರ್ ಸ್ಪೀಡ್, ಕೆಲಸ ಸಿಕ್ಕ ಮೇಲೆ ಪಿಎಸ್2, ಅಂದರೆ ಸೋನಿಯ ಪ್ಲೇಸ್ಟೇಷನ್ 2 ಕನ್ಸೋಲ್. ಈಗ ಪಿಎಸ್5. ಮಧ್ಯೆ ಒಂದು ವರ್ಷವೂ ಬಿಟ್ಟವನಲ್ಲ.

ಹೋದ ದಸರಾ ರಜೆಗೆ ಅಕ್ಕನ ಮಗ ಬಂದಿದ್ದ. 11 ವರ್ಷದ ಹುಡುಗ. "ಮಾವ, ಇಬ್ಬರೂ ರೇಸ್ ಆಡೋಣ" ಅಂದ. ಖುಷಿಯಿಂದ ಕನ್ಸೋಲ್ ಆನ್ ಮಾಡಿದೆ. ಎರಡು ತಿಂಗಳು ಮುಟ್ಟಿರಲಿಲ್ಲ. ಮೊದಲು ಕನ್ಸೋಲ್‌ಗೆ ಅಪ್‌ಡೇಟ್. ಆಮೇಲೆ ಗೇಮ್‌ಗೆ 38 ಜಿಬಿ ಅಪ್‌ಡೇಟ್. ಸಂಜೆ ಮಳೆ ಹೊಡೆಯಿತು, ನೆಟ್ ಹೋಯಿತು. ಡಿಸ್ಕ್ ಒಳಗೇ ಇದೆ, ದುಡ್ಡು ಕೊಟ್ಟು ತಂದದ್ದು. ಆದರೂ ಮೆನು ದಾಟಲಿಲ್ಲ. ಮಾರನೇ ದಿನ ನೆಟ್ ಬಂತು. ಆಗ ಗೊತ್ತಾಯಿತು, ಅದರಲ್ಲಿ ಒಂದೇ ಟಿವಿಯನ್ನು ಭಾಗ ಮಾಡಿಕೊಂಡು ಇಬ್ಬರು ಆಡುವ ಸ್ಪ್ಲಿಟ್ ಸ್ಕ್ರೀನೇ ಇಲ್ಲ! ಇಬ್ಬರು ಆಡಬೇಕು ಅಂದರೆ ಎರಡು ಕನ್ಸೋಲ್, ಎರಡು ಟಿವಿ, ಎರಡು ಡಿಸ್ಕ್ ಬೇಕಂತೆ. ಹುಡುಗ ಮೊಬೈಲ್ ಹಿಡಿದು ಒಳಗೆ ಹೋದ. ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಗ್ರಾಫಿಕ್ಸ್ ಬಗ್ಗೆ ನನ್ನದೇನೂ ದೂರಿಲ್ಲ. ಮಳೆಹನಿ ಗಾಜಿನ ಮೇಲೆ ಜಾರುವುದನ್ನು ನೋಡಿದರೆ ಈಗಲೂ ಮೈ ಜುಮ್ ಅನ್ನುತ್ತದೆ. ಆದರೆ ಪಕ್ಕದಲ್ಲಿ ಕೂತವನ ಜೊತೆ ಆಡಲು ಆಗದ ರೇಸ್ ಯಾಕೆ? ನೆಟ್ ಇಲ್ಲದೆ ಓಡದ ಕಾರು ಯಾಕೆ? ನೀವೆಲ್ಲ ಇದನ್ನು ಒಪ್ಪಿಕೊಂಡು ಆಡುತ್ತಿದ್ದೀರಾ? ಒಂದೇ ಸೋಫಾದಲ್ಲಿ ಇಬ್ಬರು ಕೂತು ಆಡುವ ಒಳ್ಳೆ ರೇಸಿಂಗ್ ಗೇಮ್ ಯಾವುದಿದೆ, ದಯವಿಟ್ಟು ಹೇಳಿ.

ನೈಟ್ರೋ:
ನೂರಕ್ಕೆ ನೂರು ನಿಜ ಅಣ್ಣ. ಮೊನ್ನೆ ಭಾನುವಾರ ನನಗೂ ಇದೇ ಕಥೆ. ಆಡಲು ಸಿಕ್ಕಿದ್ದು ಒಂದು ಗಂಟೆ, ಅದರಲ್ಲಿ 50 ನಿಮಿಷ ಡೌನ್‌ಲೋಡ್ ಪಟ್ಟಿ ನೋಡಿದೆ.

ಅಪೆಕ್ಸ್91:
ಅರ್ಧ ಒಪ್ಪುತ್ತೇನೆ, ಅರ್ಧ ಒಪ್ಪಲ್ಲ. ಹಳೇದೆಲ್ಲ ಚಿನ್ನ ಅನ್ನುವ ಮಾತು ಸರಿಯಲ್ಲ. ಪಿಎಸ್2ನಲ್ಲಿ ಒಂದು ರೇಸ್ ಲೋಡ್ ಆಗುವಷ್ಟರಲ್ಲಿ ಅಡುಗೆಮನೆಗೆ ಹೋಗಿ ನೀರು ಕುಡಿದು ಬರುತ್ತಿದ್ದೆವು, ನೆನಪಿದೆಯಾ? ಪಿಎಸ್5ನಲ್ಲಿ ಗ್ರ್ಯಾನ್ ಟುರಿಸ್ಮೊ 7 ಅನ್ನುವ ರೇಸಿಂಗ್ ಗೇಮ್‌ನ ಟ್ರ್ಯಾಕ್ ಕೆಲವೇ ಸೆಕೆಂಡಿನಲ್ಲಿ ತೆರೆಯುತ್ತದೆ. ಬ್ರೇಕ್ ಒತ್ತಿದಾಗ ಎಬಿಎಸ್ ಕೆಲಸ ಮಾಡಿದರೆ ಬೆರಳಿನ ಕೆಳಗೆ ಆ ಬಟನ್ನೇ ಅದುರುತ್ತದೆ. ಇದು ಯಾವ ಹಳೇ ಪ್ಯಾಡ್‌ನಲ್ಲಿ ಇತ್ತು?

ಇನ್ನು ಸೋಫಾ ವಿಷಯ. ಗ್ರ್ಯಾನ್ ಟುರಿಸ್ಮೊ 7ರಲ್ಲಿ ಇಬ್ಬರು ಆಡುವ ಸ್ಪ್ಲಿಟ್ ಸ್ಕ್ರೀನ್ ಇದೆ. ಹುಡುಕಿದರೆ ಸಿಗುತ್ತದೆ ಅಲ್ವಾ.

ಮೆಮೊರಿ ಕಾರ್ಡ್:
ಸಣ್ಣ ತಿದ್ದುಪಡಿ. ಪಿಎಸ್5ನಲ್ಲಿ ಈಗ ಅದು ನಾಲ್ವರಿಗೂ ಆಗುತ್ತದೆ, ಆಮೇಲಿನ ಅಪ್‌ಡೇಟ್‌ನಲ್ಲಿ ಬಂತು.

ಆದರೆ ಜಾಯ್‌ಸ್ಟಿಕ್ ಅವರ ಇನ್ನೊಂದು ಮಾತನ್ನು ಹಾರಿಸಬೇಡಿ. ಅದೇ ಆಟದ ಮುಖ್ಯ ಭಾಗ ನೆಟ್ ಇಲ್ಲದೆ ತೆರೆಯುವುದಿಲ್ಲ, ಒಬ್ಬರೇ ಆಡಿದರೂ ಸಹ. 2022ರ ಮಾರ್ಚ್ 4ಕ್ಕೆ ಆಟ ಬಿಡುಗಡೆ ಆಯಿತು. ಅದೇ ತಿಂಗಳು ಒಂದು ಅಪ್‌ಡೇಟ್ ಕೆಟ್ಟು 30 ಗಂಟೆಗೂ ಜಾಸ್ತಿ ಸರ್ವರ್ ನಿಂತಿತ್ತು. ಜಗತ್ತಿನಲ್ಲಿ ಯಾರಿಗೂ ಆಟದೊಳಗಿನ ತಮ್ಮ ಗ್ಯಾರೇಜ್ ಬಾಗಿಲು ತೆಗೆಯಲು ಆಗಲಿಲ್ಲ. ಅದರ ಜೊತೆಗೇ ರೇಸ್ ಗೆದ್ದರೆ ಸಿಗುವ ಹಣವನ್ನೂ ಕಡಿಮೆ ಮಾಡಿದ್ದರು. ಜನ ರೊಚ್ಚಿಗೆದ್ದರು. ಕೊನೆಗೆ ಕ್ಷಮೆ ಕೇಳಿ ಆಟದೊಳಗಿನ 10 ಲಕ್ಷ ಕ್ರೆಡಿಟ್ ಕೊಟ್ಟರು. 1997ರ ಮೊದಲ ಗ್ರ್ಯಾನ್ ಟುರಿಸ್ಮೊ ಒಂದೇ ಸಿಡಿಯಲ್ಲಿತ್ತು. 700 ಎಂಬಿಯೊಳಗೆ ಸುಮಾರು 140 ಕಾರು. ಆ ಸಿಡಿ ಇವತ್ತು ಹಾಕಿದರೂ ಓಡುತ್ತದೆ.

ಕ್ಲಚ್ ಕಿಟ್ಟಿ:
ರೋಡ್ ಫೈಟರ್ ಹೆಸರು ಕೇಳಿ ಖುಷಿಯಾಯಿತು! ಬಣ್ಣ ಬಣ್ಣದ ಕಾರು ಮುಟ್ಟಿದರೆ ಪೆಟ್ರೋಲ್ ಏರುತ್ತಿತ್ತು. ಗುದ್ದದೆ ದೂರ ಹೋದರೆ ಪಕ್ಕದಲ್ಲಿ ಸೂಪರ್‌ಮ್ಯಾನ್ ಹಾರಿಕೊಂಡು ಹೋಗುತ್ತಿದ್ದ.

ಮೆಮೊರಿ ಕಾರ್ಡ್:
ಅವನು ಸೂಪರ್‌ಮ್ಯಾನ್ ಅಲ್ಲ, ಕೊನಾಮಿ ಮ್ಯಾನ್. ಆಟ ಮಾಡಿದ ಕಂಪನಿಯ ಹೆಸರೇ ಅವನಿಗೆ.

ಕ್ಲಚ್ ಕಿಟ್ಟಿ:
35 ವರ್ಷದಿಂದ ಸೂಪರ್‌ಮ್ಯಾನ್ ಅಂತಲೇ ನಂಬಿದ್ದೆ. ನಮ್ಮ ಬೀದಿಯ ಅಷ್ಟೂ ಹುಡುಗರು ಹಾಗೇ ಕರೆಯುತ್ತಿದ್ದರು.

ಘಾಟಿ ಡ್ರೈವರ್:
ಒಂದು ಕಟು ಮಾತು ಹೇಳುತ್ತೇನೆ, ಬೇಜಾರಾಗಬೇಡಿ. "ದುಡ್ಡು ಕೊಟ್ಟದ್ದು ನಮ್ಮದಾಗಿರಬೇಕು" ಅಂತ ಈಗ ಹೇಳುತ್ತಿದ್ದೇವೆ. ಆದರೆ ಆಗ ನಮ್ಮಲ್ಲಿ ಎಷ್ಟು ಜನ ದುಡ್ಡು ಕೊಟ್ಟಿದ್ದೆವು? ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಲ್ಲಿ ಪ್ಲಾಸ್ಟಿಕ್ ಕವರಿನ ಸಿಡಿ, ಮೇಲೆ ಮಾರ್ಕರ್ ಪೆನ್ನಿನಲ್ಲಿ ಹೆಸರು. ನಾನೂ ಅಲ್ಲಿಂದಲೇ ತಂದವನು. ಕಂಪನಿಗಳು ಸರ್ವರ್ ಬೀಗ ಹಾಕಿದ್ದಕ್ಕೆ ನಮ್ಮ ಕಾಲದ ಕಳ್ಳ ಸಿಡಿಯೂ ಒಂದು ಕಾರಣ.

ಹಳೇ ಜಾಯ್‌ಸ್ಟಿಕ್:
ಬೇಜಾರೇನಿಲ್ಲ, ನಿಜವನ್ನೇ ಹೇಳಿದ್ದೀರಿ. ನಾನೂ ತಂದಿದ್ದೇನೆ, ತಪ್ಪೇ ಅದು. ಆದರೆ ಕಳೆದ 15 ವರ್ಷದಿಂದ ಒಂದೊಂದನ್ನೂ ಅಸಲಿ ಡಿಸ್ಕ್ ಕೊಂಡು ಆಡುತ್ತಿದ್ದೇನೆ. ಕದ್ದು ಆಡುತ್ತಿದ್ದಾಗ ಆಟ ನನ್ನ ಮನೆಯಲ್ಲಿತ್ತು. ಪೂರ್ತಿ ದುಡ್ಡು ಕೊಟ್ಟ ಮೇಲೆ ಇಲ್ಲ. ಪ್ರಾಮಾಣಿಕವಾಗಿ ಕೊಂಡವನಿಗೇ ಯಾಕೆ ಬೀಗ?

ಘಾಟಿ ಡ್ರೈವರ್:
ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ.

ಪೇಡಾನಗರಿ:
ಧಾರವಾಡದಿಂದ ಬರೆಯುತ್ತಿದ್ದೇನೆ. ಎರಡು ಮಕ್ಕಳ ತಾಯಿ, ನಾನೂ ಆಡುತ್ತೇನೆ. ನಿಮ್ಮ ಕೊನೇ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ ನೋಡಿ. ನಿಂಟೆಂಡೊ ಸ್ವಿಚ್ ಕನ್ಸೋಲ್‌ನ ಮಾರಿಯೋ ಕಾರ್ಟ್ 8 ಡಿಲಕ್ಸ್ ತಗೊಳ್ಳಿ. 2017ರ ಆಟ. ಒಂದೇ ಟಿವಿಯಲ್ಲಿ ನಾಲ್ಕು ಜನ ಆಡಬಹುದು. ನನ್ನ ಚಿಕ್ಕ ಮಗಳಿಗೆ ಐದು ವರ್ಷ. ಸ್ಮಾರ್ಟ್ ಸ್ಟೀರಿಂಗ್ ಅಂತ ಒಂದು ಆಯ್ಕೆ ಇದೆ, ಹಾಕಿದರೆ ಗಾಡಿ ರಸ್ತೆ ಬಿಟ್ಟು ಕೆಳಗೆ ಬೀಳುವುದಿಲ್ಲ. ಅವಳು ಬರೀ ಆಕ್ಸಿಲರೇಟರ್ ಒತ್ತಿಕೊಂಡು ಕಿರುಚುತ್ತಾಳೆ. ಅವರ ಅಜ್ಜಿ ಸಹ ಒಂದು ಸಲ ಆಡಿ ಏಳನೇ ಸ್ಥಾನ ಬಂದರು. ಅವತ್ತು ಅಡುಗೆ ತಡವಾಯಿತು, ಯಾರೂ ಕೇಳಲಿಲ್ಲ. ಸುಮ್ನೆ ಕಾರ್ಟೂನು ಅಂತ ದೊಡ್ಡವರು ದೂರ ಇಡಬೇಡಿ.

ಅಪೆಕ್ಸ್91:
ಒಳ್ಳೆ ಆಟವೇ, ಆದರೆ ಅದು ರೇಸಿಂಗ್ ಅಲ್ಲ ಮೇಡಂ. ಗೆಲ್ಲುತ್ತಿದ್ದವನ ಮೇಲೆ ಕೊನೇ ತಿರುವಿನಲ್ಲಿ ಹಿಂದಿನವರು ಎಸೆದ ನೀಲಿ ಚಿಪ್ಪು ಬಂದು ಬೀಳುತ್ತದೆ. ಚೆನ್ನಾಗಿ ಓಡಿಸಿದವನಿಗೆ ಶಿಕ್ಷೆ.

ಪೇಡಾನಗರಿ:
ಐದು ವರ್ಷದವಳು, ಅರವತ್ತೈದು ವರ್ಷದವರು, ನೀವು, ಮೂವರೂ ಒಂದೇ ರೇಸಿನಲ್ಲಿ ಕೊನೇ ತಿರುವಿನ ತನಕ ಆಸೆ ಇಟ್ಟುಕೊಂಡು ಆಡಬೇಕು ಅಂದರೆ ಆ ಚಿಪ್ಪು ಬೇಕ್ರೀ. ಮನೆಮಂದಿ ಆಡುವ ಆಟ ಅದು.

ನೈಟ್ರೋ:
ಹಾಟ್ ವೀಲ್ಸ್ ಅನ್‌ಲೀಶ್ಡ್ ಕೂಡ ನೋಡಿ. ಆಟಿಕೆ ಕಾರು, ಇಬ್ಬರಿಗೆ ಸ್ಪ್ಲಿಟ್ ಸ್ಕ್ರೀನ್ ಇದೆ. 11 ವರ್ಷದ ಹುಡುಗನಿಗೆ ಖಂಡಿತ ಹಿಡಿಸುತ್ತದೆ.

ಸ್ಟುಟ್‌ಗಾರ್ಟ್ ಕನ್ನಡಿಗ:
ಇಲ್ಲಿ ಹಳೇದು ಹೊಸದು ಅಂತ ಜಗಳ ನಡೆಯುತ್ತಿದೆ, ನನ್ನ ಅನುಭವ ಎರಡಕ್ಕೂ ಸೇರಿದ್ದು. ಓದುವ ಕಾಲದಲ್ಲಿ ದಾವಣಗೆರೆಯ ಹಾಸ್ಟೆಲ್‌ನಲ್ಲಿ ನಾಲ್ವರು ಸೇರಿ ಒಂದು ಪಿಎಸ್2 ಕೊಂಡೆವು. ಗ್ರ್ಯಾನ್ ಟುರಿಸ್ಮೊ 4ರಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನ ನಾರ್ಡ್‌ಶ್ಲೈಫ ಟ್ರ್ಯಾಕ್ ಇತ್ತು. ಒಂದು ಸುತ್ತು 20 ಕಿಲೋಮೀಟರ್‌ಗಿಂತ ಜಾಸ್ತಿ. ಪರೀಕ್ಷೆಗೆ ಓದಿದ್ದಕ್ಕಿಂತ ಆ ತಿರುವುಗಳನ್ನು ಹೆಚ್ಚು ಬಾಯಿಪಾಠ ಮಾಡಿದ್ದೆವು. ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ, ಈ ಇಳಿಜಾರಾದ ಮೇಲೆ ಎಡ, ಆಮೇಲೆ ಕ್ಯಾರುಸೆಲ್ ಅಂತ.

ಕೆಲಸಕ್ಕೆ ಜರ್ಮನಿಗೆ ಬಂದ ಮೇಲೆ ನಿಜವಾಗಿಯೂ ಅಲ್ಲಿಗೆ ಹೋದೆ. ಕೆಲವು ದಿನ ಸಾಮಾನ್ಯ ಜನರೂ ದುಡ್ಡು ಕೊಟ್ಟು ತಮ್ಮ ಕಾರು ಓಡಿಸಬಹುದು. ಮೊದಲ ಸುತ್ತಿನಲ್ಲೇ ಮುಂದಿನ ತಿರುವು ಯಾವುದು ಅಂತ ಕೈಗೆ ಗೊತ್ತಿತ್ತು! ಹೆಂಡತಿ ಪಕ್ಕದಲ್ಲಿ ಕೂತು "ನೀವು ಇಲ್ಲಿಗೆ ಮೊದಲೇ ಬಂದಿದ್ರಾ?" ಅಂತ ಕೇಳಿದಳು. ಆದರೆ ಒಂದು ವಿಷಯ ಪಿಎಸ್2 ಕಲಿಸಿರಲಿಲ್ಲ. ಆ ಜಾಗದ ಏರಿಳಿತ. ಟ್ರ್ಯಾಕಿನ ತಗ್ಗಿಗೂ ಎತ್ತರಕ್ಕೂ ಸುಮಾರು 300 ಮೀಟರ್ ವ್ಯತ್ಯಾಸ. ಟಿವಿಯಲ್ಲಿ ಚಪ್ಪಟೆಯಾಗಿ ಕಂಡ ಜಾಗ ಅಲ್ಲಿ ಗೋಡೆಯಂತೆ ಎದ್ದು ನಿಂತಿತ್ತು. ಹೊಟ್ಟೆಯಲ್ಲಿ ತಳಮಳ. ಕ್ಯಾರುಸೆಲ್ ತಿರುವಿನಲ್ಲಿ ಕಾಂಕ್ರೀಟ್ ಹಾಸಿನ ಸದ್ದು ಹಲ್ಲಿನ ತನಕ ಬಂತು. ಈಗಿನ ಆಟಗಳಲ್ಲಿ ಟ್ರ್ಯಾಕ್‌ಗಳನ್ನು ಲೇಸರ್‌ನಿಂದ ಅಳೆದು ಮಾಡುತ್ತಾರೆ. ಸ್ಟೀರಿಂಗ್ ವೀಲ್ ಹಿಡಿದರೆ ಆ ಕಾಂಕ್ರೀಟಿನ ಅದುರು ಕೈಗೆ ಸಿಗುತ್ತದೆ. ಅದು ಹಳೇ ಆಟದಲ್ಲಿ ಇರಲಿಲ್ಲ. ಇದಕ್ಕಾಗಿ ಹೊಸ ಆಟಗಳಿಗೆ ಕೈ ಮುಗಿಯುತ್ತೇನೆ.

ಹಾಗಂತ ಆ ಬಾಯಿಪಾಠ ಬಂದದ್ದು ಎಲ್ಲಿಂದ? ನಾಲ್ವರು ಒಂದು ಕೋಣೆಯಲ್ಲಿ ಕೂತು, ಸೋತವನು ಕಂಟ್ರೋಲರ್ ದಾಟಿಸುತ್ತಿದ್ದ ಹಾಸ್ಟೆಲ್‌ನಿಂದ.

ಕ್ಲಚ್ ಕಿಟ್ಟಿ:
ವಾಹ್, ಓದಿ ಮೈ ನವಿರೆದ್ದಿತು. ಹಾಸ್ಟೆಲ್ ಹೆಸರು ಹೇಳಿ ಸರ್, ನಾನೂ ದಾವಣಗೆರೆಯಲ್ಲೇ ಓದಿದ್ದು.

ಅಪೆಕ್ಸ್91:
ಲೇಸರ್ ಮಾತು ಬಂತಲ್ಲ, ಅಸೆಟ್ಟೊ ಕೋರ್ಸಾ ಬಗ್ಗೆ ಹೇಳಲೇಬೇಕು. ಇಟಲಿಯ ಕುನೋಸ್ ಅನ್ನುವ ಚಿಕ್ಕ ತಂಡ 2014ರಲ್ಲಿ ಹೊರತಂದದ್ದು. ಹತ್ತು ವರ್ಷ ದಾಟಿದರೂ ಪಿಸಿಯಲ್ಲಿ ಇವತ್ತಿಗೂ ಜನ ಮುಗಿಬಿದ್ದು ಆಡುತ್ತಾರೆ. ಕಾರಣ ಏನು ಅಂದುಕೊಂಡಿರಿ? ಆಟಗಾರರಿಗೆ ಒಳಗೆ ಕೈ ಹಾಕಲು ಬಿಟ್ಟರು. ಕಾರು ಮಾಡಿಕೊಳ್ಳಿ, ಟ್ರ್ಯಾಕ್ ಮಾಡಿಕೊಳ್ಳಿ, ಮಳೆ ಬೆಳಕು ಬದಲಾಯಿಸಿಕೊಳ್ಳಿ. ಒಬ್ಬರೇ ಆಡಲು ನೆಟ್ ಬೇಡ. ಹಾಗಾಗಿ ಜಾಯ್‌ಸ್ಟಿಕ್ ಅಣ್ಣಾ, ಹೊಸ ಆಟ ಅಂದರೆ ಎಲ್ಲವೂ ಬೀಗ ಹಾಕಿದ್ದೇ ಅಲ್ಲ. ನೀವು ಕನ್ಸೋಲ್ ಬಿಟ್ಟು ಪಿಸಿಗೆ ಬನ್ನಿ.

ಹಳೇ ಜಾಯ್‌ಸ್ಟಿಕ್:
ಪಿಸಿ, ಗ್ರಾಫಿಕ್ಸ್ ಕಾರ್ಡ್, ಸ್ಟೀರಿಂಗ್ ವೀಲ್, ಅದನ್ನು ಬಿಗಿಯಲು ಸ್ಟ್ಯಾಂಡ್. ಲೆಕ್ಕ ಹಾಕಿ ನೋಡಿ, ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರ್ ಬರುತ್ತದೆ. ಕನ್ಸೋಲ್ ಇದ್ದದ್ದೇ ಸುಲಭಕ್ಕೆ ಅಲ್ವಾ? ಡಿಸ್ಕ್ ಹಾಕು, ಆಡು. ಆ ಸುಲಭವನ್ನೇ ಕಿತ್ತುಕೊಂಡರು ಅಂತ ನನ್ನ ಸಂಕಟ.

ಕಡಲ ಗಾಳಿ:
ಬೆಲೆ ವಿಷಯಕ್ಕೆ ಬರೋಣ ಮಾರಾಯ್ರೆ. ಪಿಎಸ್5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿ 2ಕ್ಕೆ. ಆಗ ಡಿಸ್ಕ್ ಹಾಕುವ ಮಾದರಿಗೆ 49,990 ರೂಪಾಯಿ ಇತ್ತು. ಸೋನಿಯ ದೊಡ್ಡ ಆಟಗಳಿಗೆ 4,999. ನಾವು ಮಂಗಳೂರಿನಲ್ಲಿ ಆರು ಜನ ಗೆಳೆಯರು ಒಂದು ಉಪಾಯ ಮಾಡಿದೆವು. ತಿಂಗಳಿಗೆ ಒಬ್ಬ ಒಂದು ಡಿಸ್ಕ್ ಕೊಳ್ಳುವುದು, ಆರೂ ಮನೆ ಸುತ್ತಿಸುವುದು, ಕೊನೆಗೆ ಮಾರಿ ದುಡ್ಡು ಹಂಚಿಕೊಳ್ಳುವುದು. ಡಿಸ್ಕ್ ಇದ್ದುದರಿಂದ ಮಾತ್ರ ಇದು ಸಾಧ್ಯ ಆಯಿತು. ಡೌನ್‌ಲೋಡ್ ಮಾಡಿದ ಆಟವನ್ನು ಯಾರಿಗೆ ಮಾರುತ್ತೀರಿ? ಹೀಗಾಗಿ ನನಗೆ ಭಯ ಇರುವುದು ಡಿಸ್ಕ್ ಡ್ರೈವ್ ಹೋಗುವುದರ ಬಗ್ಗೆ. ಪಿಎಸ್5 ಪ್ರೋ ಜೊತೆಗೆ ಡ್ರೈವ್ ಕೊಡುವುದೇ ಇಲ್ಲ, ಬೇರೆ ಕೊಳ್ಳಬೇಕು. ನಿಂಟೆಂಡೊ ಸ್ವಿಚ್ 2ರಲ್ಲಿ ಕೆಲವು ಕಾರ್ಡ್‌ಗಳ ಒಳಗೆ ಆಟವೇ ಇಲ್ಲ, ಬರೀ ಕೀಲಿ ಇದೆ. ಕಾರ್ಡ್ ಹಾಕಿದ ಮೇಲೂ ಡೌನ್‌ಲೋಡ್ ಮಾಡಬೇಕು.

ಮೆಮೊರಿ ಕಾರ್ಡ್:
ಇದೇ ದಾರಿಯ ಕೊನೆಯಲ್ಲಿ ದಿ ಕ್ರೂ ಇದೆ. 2014ರ ಡಿಸೆಂಬರ್‌ನಲ್ಲಿ ಬಂದ ಯೂಬಿಸಾಫ್ಟ್ ಆಟ. ಇಡೀ ಅಮೆರಿಕವನ್ನು ಚಿಕ್ಕದಾಗಿಸಿ ಒಂದು ತೀರದಿಂದ ಇನ್ನೊಂದು ತೀರಕ್ಕೆ ಕಾರು ಓಡಿಸುವ ಆಟ. 2024ರ ಮಾರ್ಚ್ 31ಕ್ಕೆ ಸರ್ವರ್ ಮುಚ್ಚಿದರು. ಒಬ್ಬರೇ ಆಡುವ ಭಾಗವೂ ಅದರ ಜೊತೆಗೇ ಹೋಯಿತು. ಡಿಸ್ಕ್ ಇದ್ದವರ ಹತ್ತಿರ ಉಳಿದದ್ದು ಬರೀ ಪ್ಲಾಸ್ಟಿಕ್. ಅಲ್ಲಿಂದಲೇ "ಸ್ಟಾಪ್ ಕಿಲ್ಲಿಂಗ್ ಗೇಮ್ಸ್" ಅನ್ನುವ ಚಳವಳಿ ಹುಟ್ಟಿತು. ರಾಸ್ ಸ್ಕಾಟ್ ಅನ್ನುವವರು ಶುರು ಮಾಡಿದ್ದು. ಯುರೋಪಿನಲ್ಲಿ 2025ರ ಜುಲೈನಲ್ಲಿ ಸಹಿಗಳ ಸಂಖ್ಯೆ 10 ಲಕ್ಷ ದಾಟಿತು. ಅವರು ಕೇಳುತ್ತಿರುವುದು ಸರ್ವರ್ ಸದಾ ಇರಲಿ ಅಂತಲ್ಲ. ಮುಚ್ಚುವ ಮೊದಲು ಕೊಂಡವರು ಆಡಲು ಒಂದು ದಾರಿ ಬಿಟ್ಟುಹೋಗಿ ಅಂತ. ಇದರಲ್ಲಿ ಅತಿಯಾಸೆ ಏನಿದೆ ಹೇಳಿ?

ನೈಟ್ರೋ:
ದಿ ಕ್ರೂ 2ಕ್ಕೆ ಆಫ್‌ಲೈನ್ ಕೊಡುತ್ತೇವೆ ಅಂತ ಆಮೇಲೆ ಅವರೇ ಹೇಳಿದರು. ಜನ ಗಲಾಟೆ ಮಾಡಿದ್ದಕ್ಕೇ ಅಲ್ವಾ?

ಘಾಟಿ ಡ್ರೈವರ್:
ಫೋರ್ಜಾ ಹೊರೈಜನ್ 4 ಸಹ 2024ರ ಡಿಸೆಂಬರ್ 15ಕ್ಕೆ ಹೋಯಿತಲ್ಲ?

ಮೆಮೊರಿ ಕಾರ್ಡ್:
ಅದು ಬೇರೆ ಥರ. ಮಾರಾಟ ನಿಲ್ಲಿಸಿದರು, ಕೊಂಡವರು ಈಗಲೂ ಆಡಬಹುದು. ಕಾರಣ ಕಾರು ಮತ್ತು ಹಾಡುಗಳ ಲೈಸೆನ್ಸ್. ರೇಸಿಂಗ್ ಗೇಮ್‌ಗೆ ಇದು ಬೇರೆ ಆಟಗಳಿಗಿಂತ ದೊಡ್ಡ ತಲೆನೋವು. ಪ್ರತಿಯೊಂದು ಕಾರಿನ ಹೆಸರು, ಆಕಾರಕ್ಕೆ ಆಯಾ ಕಂಪನಿಯ ಒಪ್ಪಿಗೆ ಬೇಕು, ಅದಕ್ಕೆ ಅವಧಿ ಇರುತ್ತದೆ. 2018ರಲ್ಲಿ ಬಂದ ಅಷ್ಟು ಚೆಂದದ ಆಟ ಇವತ್ತು ಹೊಸಬರಿಗೆ ಆನ್‌ಲೈನ್ ಅಂಗಡಿಯಲ್ಲಿ ಸಿಗುವುದಿಲ್ಲ.

ಬೆಳಕಿನ ದಾರಿ:
ಇಷ್ಟು ಹೊತ್ತು ಓದುತ್ತಿದ್ದೆ, ಈಗ ಬರೆಯಬೇಕು ಅನ್ನಿಸಿತು. ನನ್ನ ತಮ್ಮನಿಗೆ ಕಣ್ಣು ಕಾಣುವುದಿಲ್ಲ. ಚಿಕ್ಕವನಿದ್ದಾಗ ನಾವೆಲ್ಲ ಕಂಪ್ಯೂಟರಿನಲ್ಲಿ ನೀಡ್ ಫಾರ್ ಸ್ಪೀಡ್ 3 ಆಡುತ್ತಿದ್ದೆವು. ಒಂದೇ ಕೀಬೋರ್ಡಿನಲ್ಲಿ ಇಬ್ಬರು, ಮೊಣಕೈ ಮೊಣಕೈ ತಾಗಿಸಿಕೊಂಡು. ಅವನು ಪಕ್ಕದಲ್ಲಿ ಕೂತು ಇಂಜಿನ್ ಸದ್ದು ಕೇಳುತ್ತಿದ್ದ. "ಈಗ ಯಾರು ಮುಂದೆ?" ಅಂತ ಕೇಳುತ್ತಲೇ ಇರುತ್ತಿದ್ದ. ಅವನ ಸರದಿ ಯಾವತ್ತೂ ಬರಲಿಲ್ಲ.

2023ರ ಫೋರ್ಜಾ ಮೋಟರ್‌ಸ್ಪೋರ್ಟ್‌ನಲ್ಲಿ ಕಣ್ಣು ಕಾಣದವರಿಗಾಗಿ ಸದ್ದಿನ ನೆರವು ಇದೆ. ತಿರುವು ಯಾವ ಕಡೆ, ರಸ್ತೆಯ ಅಂಚು ಎಷ್ಟು ಹತ್ತಿರ, ಯಾವಾಗ ವೇಗ ಇಳಿಸಬೇಕು, ಎಲ್ಲ ಕಿವಿಗೆ ಬರುತ್ತದೆ. ಮೊದಲ ವಾರ ಬರೀ ಗೋಡೆಗೆ ಗುದ್ದಿದ. ಎರಡನೇ ವಾರ ಒಂದು ಪೂರ್ತಿ ಸುತ್ತು ಹಾಕಿದ. ಕನ್ಸೋಲ್ ಮುಂದೆ ಎದ್ದು ನಿಂತು ನನ್ನನ್ನು ಕೂಗಿದ. 38 ವರ್ಷದವನು. ನನಗೆ ಕಣ್ಣೀರು ತಡೆಯಲು ಆಗಲಿಲ್ಲ. ನಮ್ಮ ಸೋಫಾದ ಮೇಲೆ ಅವನು ಯಾವಾಗಲೂ ಇದ್ದ, ಆಟದೊಳಗೆ ಇರಲಿಲ್ಲ. ಈಗಿನ ಆಟಗಳನ್ನು ಬೈಯುವಾಗ ಇದನ್ನೂ ಜೊತೆಗಿಟ್ಟುಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ.

ಹಳೇ ಜಾಯ್‌ಸ್ಟಿಕ್:
ಮೇಡಂ, ಎರಡು ಸಲ ಓದಿದೆ. ಇದು ನನಗೆ ಹೊಳೆದೇ ಇರಲಿಲ್ಲ. ನಿಮ್ಮ ತಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಯಾವ ಟ್ರ್ಯಾಕ್‌ನಲ್ಲಿ ಆ ಸುತ್ತು ಹಾಕಿದರು ಅಂತ ಕೇಳಿ ಹೇಳಿ.

ಬೆಳಕಿನ ದಾರಿ:
ಕೇಳಿದೆ. ಜಪಾನಿನ ಸುಜುಕಾ ಅಂದ. "ಅಲ್ಲಿ ಸೇತುವೆ ಕೆಳಗೆ ಹೋಗುವಾಗ ಸದ್ದು ಬದಲಾಗುತ್ತೆ ಅಕ್ಕ, ಅದೇ ಗುರುತು" ಅಂತ ಹೇಳಿದ.

ಸ್ಟುಟ್‌ಗಾರ್ಟ್ ಕನ್ನಡಿಗ:
ಎಂಟರ ಆಕಾರದ ಟ್ರ್ಯಾಕ್ ಅದು, ತನ್ನ ಮೇಲೆ ತಾನೇ ಹಾದುಹೋಗುತ್ತದೆ. ಕಣ್ಣಿರುವ ನಾವು ಆ ಸೇತುವೆಯ ಸದ್ದನ್ನು ಗಮನಿಸಿಯೇ ಇಲ್ಲ.

ಘಾಟಿ ಡ್ರೈವರ್:
ವಿಷಯ ಸ್ವಲ್ಪ ಬದಲಿಸುತ್ತೇನೆ. ನಮ್ಮ ರಸ್ತೆ ಯಾವ ಆಟದಲ್ಲಿದೆ? ನೀಡ್ ಫಾರ್ ಸ್ಪೀಡ್ 2ರಲ್ಲಿ ಹಿಮಾಲಯದ ಟ್ರ್ಯಾಕ್ ಇತ್ತು, ಆದರೆ ಅದು ನೇಪಾಳದ್ದು. 2011ರಿಂದ 2013ರ ತನಕದ ಎಫ್1 ಆಟಗಳಲ್ಲಿ ದೆಹಲಿ ಹತ್ತಿರದ ಬುದ್ಧ್ ಸರ್ಕ್ಯೂಟ್ ಇತ್ತು. ಅಷ್ಟೇ ನನಗೆ ನೆನಪಿರುವುದು. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಯಾರಾದರೂ ಒಂದು ಆಟಕ್ಕೆ ಹಾಕಬೇಕು. ಮಂಜು, ಜಿಟಿ ಜಿಟಿ ಮಳೆ, ಎದುರಿಗೆ ಹಾರ್ನ್ ಹೊಡೆಯುತ್ತ ಬರುವ ಮಿನಿ ಬಸ್ಸು.

ಕಡಲ ಗಾಳಿ:
ಬಸ್ಸು ಅಂದ್ರಲ್ಲ! ನಮ್ಮ ಹುಡುಗರು ಫೋನಿನಲ್ಲಿ ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ಆಡುತ್ತಾರೆ ನೋಡಿ. ಅದಕ್ಕೆ ಕೆಎಸ್‌ಆರ್‌ಟಿಸಿ ಬಣ್ಣ ಬಳಿದು, ಮುಂದೆ ಊರಿನ ಬೋರ್ಡ್ ಹಾಕಿಕೊಂಡು ಓಡಿಸುತ್ತಾರೆ. ರಸ್ತೆ ಇಂಡೋನೇಷ್ಯಾದ್ದು, ಬಸ್ಸು ನಮ್ಮದು. ಯಾವ ದೊಡ್ಡ ಕಂಪನಿಯೂ ಕೊಡದೆ ಇದ್ದದ್ದನ್ನು ಹುಡುಗರೇ ಮಾಡಿಕೊಂಡರು.

ಅಪೆಕ್ಸ್91:
ನಾನು ಅಸೆಟ್ಟೊ ಕೋರ್ಸಾ ಬಗ್ಗೆ ಹೇಳಿದ್ದೂ ಇದನ್ನೇ. ಒಳಗೆ ಕೈ ಹಾಕಲು ಬಿಟ್ಟರೆ ಆಟ ಸಾಯುವುದಿಲ್ಲ. ಆಗುಂಬೆ ಟ್ರ್ಯಾಕ್ ಮಾಡಲು ಯಾರಾದರೂ ಸೇರುವುದಾದರೆ ನಾನು ರೆಡಿ, ನಿಜವಾಗಿ ಹೇಳುತ್ತಿದ್ದೇನೆ.

ಘಾಟಿ ಡ್ರೈವರ್:
ನಾನು ಬರುತ್ತೇನೆ. ತೀರ್ಥಹಳ್ಳಿಯವನು. ಒಂದೊಂದು ತಿರುವಿನ ಫೋಟೊ, ಅಗಲದ ಅಳತೆ ತಂದುಕೊಡುತ್ತೇನೆ.

ಹಳೇ ಜಾಯ್‌ಸ್ಟಿಕ್:
ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ಅಟ್ಟದ ಮೇಲಿಂದ ಪಿಎಸ್2 ಇಳಿಸಿದೆ. ಹೊಸ ಟಿವಿಗೆ ಆ ಹಳದಿ, ಕೆಂಪು, ಬಿಳಿ ವೈರು ಹಾಕಲು ಜಾಗವೇ ಇಲ್ಲ. ಒಂದು ಚಿಕ್ಕ ಎಚ್‌ಡಿಎಂಐ ಕನ್ವರ್ಟರ್ ತರಿಸಿದೆ. ಮೊದಲು ಡಿಸ್ಕ್ ಓದಲಿಲ್ಲ. ಲೆನ್ಸ್ ಮೇಲೆ ದೂಳು. ಹತ್ತಿ ಕಡ್ಡಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ನಿಧಾನಕ್ಕೆ ಒರೆಸಿದೆ. ಮೂರನೇ ಸಲಕ್ಕೆ ತಿರುಗಿತು! 8 ಎಂಬಿ ಮೆಮೊರಿ ಕಾರ್ಡಿನಲ್ಲಿ 2006ರ ನನ್ನ ಗ್ರ್ಯಾನ್ ಟುರಿಸ್ಮೊ 4 ಗ್ಯಾರೇಜ್ ಹಾಗೇ ಇದೆ. ಒಂದು ಕಾರೂ ಹೋಗಿಲ್ಲ.

ಪೇಡಾನಗರಿ ಮೇಡಂ ಹೇಳಿದ ಆಟವನ್ನೂ ನೋಡುತ್ತಿದ್ದೇನೆ, ಗೆಳೆಯನೊಬ್ಬ ಸ್ವಿಚ್ ಮಾರುತ್ತಿದ್ದಾನೆ. ಸಂಕ್ರಾಂತಿಗೆ ಹುಡುಗ ಮತ್ತೆ ಬರುತ್ತಾನೆ. ಒಂದೇ ತೊಂದರೆ, ಪಿಎಸ್2ರ ಎರಡನೇ ಕಂಟ್ರೋಲರ್‌ನಲ್ಲಿ ಎಕ್ಸ್ ಬಟನ್ ಒತ್ತಿದರೆ ಒಳಗೇ ಅಂಟಿಕೊಳ್ಳುತ್ತದೆ. ಯಾರ ಹತ್ತಿರವಾದರೂ ಒಳಗಿನ ರಬ್ಬರ್ ಇದ್ದರೆ ಹೇಳಿ.

ಕ್ಲಚ್ ಕಿಟ್ಟಿ:
ನನ್ನ ಹತ್ತಿರ ಕೆಟ್ಟ ಕಂಟ್ರೋಲರ್ ಎರಡಿವೆ, ರಬ್ಬರ್ ಚೆನ್ನಾಗಿದೆ. ವಿಳಾಸ ಮೆಸೇಜ್ ಮಾಡಿ ಸರ್, ನಾಳೆಯೇ ಕೊರಿಯರ್ ಮಾಡುತ್ತೇನೆ. ದುಡ್ಡು ಬೇಡ. ಹುಡುಗ ಗೆದ್ದರೆ ಇಲ್ಲಿ ಬರೆಯಿರಿ.